ಟೈಟಾನಿಕ್ ಪಕ್ಕದಲ್ಲಿ ‘ಮೂರು ಹಡಗು’ ಇದ್ದವಾ? ಫಾರ್ವರ್ಡ್ ಹೇಳುವುದು ಒಂದು, ರೇಡಿಯೋ ಲಾಗ್ ಪುಸ್ತಕ ಹೇಳುವುದು ಇನ್ನೊಂದು

ಸಂಕ್ಷಿಪ್ತವಾಗಿ: ಟೈಟಾನಿಕ್ ಮುಳುಗುವಾಗ ಸುತ್ತ ಮೂರು ಹಡಗುಗಳಿದ್ದವು ಎನ್ನುವ ವಾಟ್ಸಾಪ್ ಕಥೆಯಲ್ಲಿ ಒಂದು ಹಡಗಿನ ಮಾತು ದಾಖಲೆಗೆ ಹೊಂದುವುದಿಲ್ಲ, ಇನ್ನೊಂದರದ್ದು ಅರ್ಧ ಸರಿ, ಮೂರನೆಯದ್ದು ಬಹುಮಟ್ಟಿಗೆ ಸರಿ. ಇದನ್ನು ಹೇಳಲು ಸಾಧ್ಯವಾಗುವುದು ಹಡಗು, ಬಂದರು ಮತ್ತು ತೀರದ ಠಾಣೆಗಳಲ್ಲಿ ಆಗಲೇ ಬರೆದಿಟ್ಟ ದಾಖಲೆಗಳಿಂದ. ಈಗಲೂ ಹಡಗಿನಲ್ಲಿ ರೇಡಿಯೋ ಲಾಗ್ ಪುಸ್ತಕ ಬರೆಯುವುದು ಕಡ್ಡಾಯ. ಅದರಲ್ಲಿ ಏನು ಬರೆಯುತ್ತಾರೆ, ಯಾಕೆ ಬರೆಯುತ್ತಾರೆ ಎಂದು ಗೊತ್ತಿದ್ದರೆ ಸಮುದ್ರದ ಅವಘಡದ ಬಗ್ಗೆ ಬರುವ ಫಾರ್ವರ್ಡ್‌ಗಳನ್ನು ನೀವೇ ತೂಗಿ ನೋಡಬಹುದು.

ಘಟ್ಟದ ಮೇಲಿನವರಿಗೆ ಇದು ಯಾಕೆ ಬೇಕು?

ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳಿಗೆ ಕಡಲಿಲ್ಲ. ಆದರೆ ಕಡಲು ದೂರವೂ ಇಲ್ಲ. ದೇವಿಮನೆ ಘಟ್ಟ ಇಳಿದರೆ ಕುಮಟಾ, ಅರಬೈಲ್ ಘಟ್ಟ ಇಳಿದರೆ ಅಂಕೋಲಾ. ಅಡಿಕೆ ತೋಟದ ಮನೆಗಳಿಂದಲೂ ಮರ್ಚಂಟ್ ನೇವಿಗೆ ಹೋದ ಹುಡುಗರಿದ್ದಾರೆ. ಹಾಗಾಗಿ ‘ಹಡಗಿಗೆ ಬೆಂಕಿ’, ‘ಹಡಗು ನಾಪತ್ತೆ’ ಎಂಬ ಸಂದೇಶ ಊರಿನ ಗುಂಪಿಗೆ ಬಂದರೆ ಯಾವುದೋ ಒಂದು ಮನೆಯಲ್ಲಿ ರಾತ್ರಿ ಯಾರಿಗೂ ನಿದ್ದೆ ಬರುವುದಿಲ್ಲ. ಅಂಥ ಸಂದೇಶವನ್ನು ಮುಂದೆ ಕಳಿಸುವ ಮೊದಲು ಯೋಚಿಸಬೇಕಾದ್ದು ಇದಕ್ಕೇ.

ರೇಡಿಯೋ ಲಾಗ್ ಪುಸ್ತಕ ಅಂದರೇನು?

ಹೆಸ್ಕಾಂ ಸಬ್‌ಸ್ಟೇಷನ್ನಿನಲ್ಲಿ ಯಾವ ಲೈನು ಎಷ್ಟು ಹೊತ್ತಿಗೆ ಟ್ರಿಪ್ ಆಯಿತು, ಯಾವಾಗ ಮತ್ತೆ ಚಾರ್ಜ್ ಮಾಡಿದರು ಎಂದು ಡ್ಯೂಟಿಯಲ್ಲಿದ್ದವರು ಬರೆದಿಡುತ್ತಾರೆ. ಹಡಗಿನ ರೇಡಿಯೋ ಲಾಗ್ ಪುಸ್ತಕವೂ ಹಾಗೆಯೇ. ರೇಡಿಯೋದಲ್ಲಿ ಯಾವ ಅಪಾಯದ ಕರೆ ಕೇಳಿತು, ಯಾರ ಜತೆ ಮಾತಾಯಿತು, ಉಪಕರಣ ಕೆಲಸ ಮಾಡುತ್ತಿತ್ತೋ ಇಲ್ಲವೋ ಎಂಬುದನ್ನು ಆದ ಹೊತ್ತಿಗೇ, ಸಮಯ ಹಾಕಿ ಬರೆಯುವ ಪುಸ್ತಕ ಅದು.

ಇದಕ್ಕೆ ಆಧಾರ ಎರಡು ಅಂತಾರಾಷ್ಟ್ರೀಯ ನಿಯಮಗಳು. ಒಂದು, ‘ಸೋಲಾಸ್’ ಎಂದು ಕರೆಯುವ ಸಮುದ್ರದಲ್ಲಿ ಜೀವರಕ್ಷಣೆಯ ಒಪ್ಪಂದ. ಅದರ 4ನೇ ಅಧ್ಯಾಯದ 17ನೇ ನಿಯಮದ ಪ್ರಕಾರ, ಜೀವರಕ್ಷಣೆಗೆ ಮುಖ್ಯವೆನಿಸುವ ಎಲ್ಲ ರೇಡಿಯೋ ಘಟನೆಗಳ ದಾಖಲೆ ಇಡಲೇಬೇಕು. ಇನ್ನೊಂದು, ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ರೇಡಿಯೋ ನಿಯಮಾವಳಿ. ರೇಡಿಯೋ ಲೈಸೆನ್ಸ್ ಮತ್ತು ಆಪರೇಟರ್ ಪ್ರಮಾಣಪತ್ರದ ಜತೆಗೆ ಲಾಗ್ ಕೂಡ ಹಡಗಿನಲ್ಲಿ ಇರಬೇಕು ಎನ್ನುತ್ತದೆ ಅದು.

ಸೋಲಾಸ್‌ನ ರೇಡಿಯೋ ನಿಯಮಗಳು ಅನ್ವಯಿಸುವುದು ಅಂತಾರಾಷ್ಟ್ರೀಯ ಯಾನದ ಪ್ರಯಾಣಿಕರ ಹಡಗುಗಳಿಗೆ ಮತ್ತು 300 ಟನ್ನೇಜ್ ಮೇಲ್ಪಟ್ಟ ಸರಕು ಹಡಗುಗಳಿಗೆ. ಭಾರತದಲ್ಲಿ ಹಡಗುಗಳ ಮೇಲೆ ನಿಗಾ ಇಡುವುದು ಮುಂಬೈಯ ಡೈರೆಕ್ಟರೇಟ್ ಜನರಲ್ ಆಫ್ ಶಿಪ್ಪಿಂಗ್.

ಈಗ ಬರೆಯುವವರು ಯಾರು?

ಹಿಂದೆ ಪ್ರತಿ ದೊಡ್ಡ ಹಡಗಿನಲ್ಲೂ ಮೋರ್ಸ್ ಕಟ್ಟೆ ಕುಟ್ಟುವ ರೇಡಿಯೋ ಆಫೀಸರ್ ಬೇರೆಯೇ ಇರುತ್ತಿದ್ದರು. 1999ರ ಫೆಬ್ರವರಿ 1ರಿಂದ ‘ಜಿಎಂಡಿಎಸ್‌ಎಸ್’ ಎಂಬ ಜಾಗತಿಕ ಅಪಾಯ ಸಂಪರ್ಕ ವ್ಯವಸ್ಥೆ ಪೂರ್ತಿಯಾಗಿ ಜಾರಿಗೆ ಬಂತು. ಉಪಗ್ರಹ ಮತ್ತು ಡಿಜಿಟಲ್ ಕರೆ ಬಂದ ಮೇಲೆ ಹೆಚ್ಚಿನ ಹಡಗುಗಳಲ್ಲಿ ಆ ಹುದ್ದೆಯೇ ಹೋಯಿತು. ಈಗ ಜಿಎಂಡಿಎಸ್‌ಎಸ್ ಪ್ರಮಾಣಪತ್ರ ಪಡೆದ ಡೆಕ್ ಅಧಿಕಾರಿಗಳೇ ಈ ಕೆಲಸ ಮಾಡುತ್ತಾರೆ. ಅಪಾಯದ ಹೊತ್ತಿನಲ್ಲಿ ರೇಡಿಯೋ ಯಾರ ಜವಾಬ್ದಾರಿ ಎಂದು ಒಬ್ಬರನ್ನು ಮೊದಲೇ ಗೊತ್ತುಮಾಡಿರಬೇಕು. ಹುದ್ದೆ ಹೋದರೂ ಪುಸ್ತಕ ಮಾತ್ರ ಉಳಿದಿದೆ.

ಏನೇನು ಬರೆಯಬೇಕು?

- ಅಪಾಯ, ತುರ್ತು ಮತ್ತು ಸುರಕ್ಷತೆಗೆ ಸಂಬಂಧಿಸಿದ ಎಲ್ಲ ಸಂಪರ್ಕಗಳ ಸಾರಾಂಶ, ಸಮಯದೊಂದಿಗೆ. ಧ್ವನಿಯಲ್ಲಿ ಇವಕ್ಕೆ ಕ್ರಮವಾಗಿ ‘ಮೇಡೇ’, ‘ಪ್ಯಾನ್ ಪ್ಯಾನ್’, ‘ಸೆಕ್ಯುರಿಟೇ’ ಎಂಬ ಸಂಕೇತ ಪದಗಳಿವೆ.
- ರೇಡಿಯೋ ಸೇವೆಯ ಮುಖ್ಯ ಘಟನೆಗಳು. ಉಪಕರಣ ಕೆಟ್ಟಿದ್ದು, ಸರಿಪಡಿಸಿದ್ದು, ತೀರದ ಠಾಣೆಯ ಸಂಪರ್ಕ ತಪ್ಪಿದ್ದು ಇತ್ಯಾದಿ.
- ಹಡಗಿನ ನಿಯಮದಲ್ಲಿ ಅವಕಾಶವಿದ್ದರೆ ದಿನಕ್ಕೆ ಒಮ್ಮೆಯಾದರೂ ಹಡಗು ಇರುವ ಜಾಗ.
- ಪರೀಕ್ಷೆಗಳು. ಬ್ಯಾಟರಿ ಮತ್ತು ಡಿಜಿಟಲ್ ಕರೆ ಉಪಕರಣದ ಒಳಪರೀಕ್ಷೆ ದಿನಾಲೂ, ತೀರದ ಠಾಣೆಗೆ ಪರೀಕ್ಷಾ ಕರೆ ವಾರಕ್ಕೊಮ್ಮೆ, ಮುಳುಗುವಾಗ ತಾನೇ ಸಂಕೇತ ಕಳಿಸುವ ‘ಎಪರ್ಬ್’ ಮತ್ತಿತರ ಸಾಧನಗಳ ತಪಾಸಣೆ ತಿಂಗಳಿಗೊಮ್ಮೆ.

ಕೊನೆಯ ಸಾಲು ಕಡೆಗಣಿಸುವಂಥದ್ದಲ್ಲ. ‘ರೇಡಿಯೋ ಕೆಟ್ಟಿತ್ತು, ಹಾಗಾಗಿ ಕರೆ ಹೋಗಲಿಲ್ಲ’ ಎಂದು ಅವಘಡ ಆದ ಮೇಲೆ ಯಾರಾದರೂ ಹೇಳಿದರೆ, ಹಿಂದಿನ ದಿನದ ಪರೀಕ್ಷೆಯ ಸಾಲು ಏನು ಹೇಳುತ್ತದೆ ಎಂದು ತನಿಖೆ ಮಾಡುವವರು ನೋಡುತ್ತಾರೆ.

ಹೇಗೆ ಬರೆಯಬೇಕು?

ಆದ ಕೂಡಲೇ ಬರೆಯಬೇಕು. ಸಂಜೆ ನೆನಪಿಸಿಕೊಂಡು ಬರೆಯುವಂತಿಲ್ಲ. ಮಾದರಿಗೆ ಒಂದು ಸಾಲು ಹೀಗಿರುತ್ತದೆ:

*14 ಜೂನ್ – 20:15 – ಚಾನೆಲ್ 16 – ಮೇಡೇ ಕರೆ. ಮೀನುಗಾರಿಕೆ ದೋಣಿ, ನೀರು ನುಗ್ಗುತ್ತಿದೆ, 5 ಜನ. ಸ್ಥಾನ ಬರೆದುಕೊಂಡಿದೆ. ಕ್ಯಾಪ್ಟನ್‌ಗೆ ತಿಳಿಸಿದೆ. – ಸಹಿ*

ತಪ್ಪಾದರೆ ಏನು ಮಾಡಬೇಕು? ಅಮೆರಿಕದ ನಿಯಮ ಇದನ್ನು ಬಿಡಿಸಿ ಹೇಳುತ್ತದೆ. ಆ ಸಾಲನ್ನು ಬರೆದವರೇ ತಿದ್ದಬೇಕು. ತಪ್ಪು ಭಾಗದ ಮೇಲೆ ಗೆರೆ ಎಳೆದು, ಪಕ್ಕದಲ್ಲಿ ಚಿಕ್ಕ ಸಹಿ ಹಾಕಿ, ತಿದ್ದಿದ ದಿನಾಂಕ ಬರೆಯಬೇಕು. ಅದೇ ನಿಯಮದಲ್ಲಿ ಲಾಗ್ ಅನ್ನು 2 ವರ್ಷ ಕಾಪಾಡಬೇಕು, ಅಪಾಯದ ಘಟನೆಗೆ ಸಂಬಂಧಿಸಿದ್ದಾದರೆ 3 ವರ್ಷ. ತನಿಖೆ ನಡೆಯುತ್ತಿದ್ದರೆ ನಾಶ ಮಾಡಲು ಲಿಖಿತ ಅನುಮತಿ ಸಿಗುವವರೆಗೂ ಇಟ್ಟುಕೊಳ್ಳಬೇಕು.

ಯಾವ ಗಡಿಯಾರದ ಸಮಯ?

ರೇಡಿಯೋ ಲಾಗ್‌ನಲ್ಲಿ ಬಳಸುವುದು ಯುಟಿಸಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಸಮಯ. ನಮ್ಮ ಭಾರತೀಯ ಸಮಯ ಅದಕ್ಕಿಂತ 5 ಗಂಟೆ 30 ನಿಮಿಷ ಮುಂದೆ. ಮೇಲಿನ ಮಾದರಿಯ ಜೂನ್ 14ರ 20:15 ಎಂದರೆ ನಮಗೆ ಜೂನ್ 15ರ ಬೆಳಗಿನ ಜಾವ 1:45. ಒಂದೇ ಘಟನೆಗೆ ಎರಡು ಸುದ್ದಿಗಳಲ್ಲಿ ಎರಡು ದಿನಾಂಕ ಕಂಡರೆ ಅದು ‘ಮುಚ್ಚಿಡುವ ಸಂಚು’ ಎಂದುಕೊಳ್ಳಬೇಕಿಲ್ಲ. ಮೊದಲು ಯಾವ ಗಡಿಯಾರ ಎಂದು ಕೇಳಿ.

ಒಂದೇ ಗಡಿಯಾರ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಟೈಟಾನಿಕ್ ಒಳ್ಳೆಯ ಉದಾಹರಣೆ. ಅದರ ಮೊದಲ ಅಪಾಯದ ಕರೆ ಕೆನಡಾ ತೀರದ ಕೇಪ್ ರೇಸ್ ಠಾಣೆಗೆ ನ್ಯೂಯಾರ್ಕ್ ಸಮಯ ರಾತ್ರಿ 10:25ಕ್ಕೆ ಕೇಳಿತು. ಹಡಗಿನ ಗಡಿಯಾರ ನ್ಯೂಯಾರ್ಕ್‌ಗಿಂತ ಎಷ್ಟು ಮುಂದಿತ್ತು? ಅಮೆರಿಕದ ತನಿಖೆ 1 ಗಂಟೆ 33 ನಿಮಿಷ ಎಂದಿತು, ಬ್ರಿಟನ್ನಿನ ತನಿಖೆ 1 ಗಂಟೆ 50 ನಿಮಿಷ ಎಂದಿತು. ಮೊದಲ ಲೆಕ್ಕದಲ್ಲಿ ಕರೆ ಹೋಗಿದ್ದು ಹಡಗಿನ ಸಮಯ 11:58ಕ್ಕೆ, ಎರಡನೆಯದರಲ್ಲಿ 12:15ಕ್ಕೆ. ಹಿಮಗಡ್ಡೆಗೆ ಬಡಿದಿದ್ದು 11:40ಕ್ಕೆ. ಸಹಾಯ ಕೇಳಲು 18 ನಿಮಿಷ ಹಿಡಿಯಿತೋ 35 ನಿಮಿಷವೋ ಎಂಬ ಪ್ರಶ್ನೆ ಹುಟ್ಟಿದ್ದೇ ಗಡಿಯಾರದಿಂದ.

ಈಗ ಆ ಫಾರ್ವರ್ಡ್‌ಗೆ ಬರೋಣ

ಕಥೆ ಹೀಗಿದೆ. ಟೈಟಾನಿಕ್ ಮುಳುಗುವಾಗ 7 ಮೈಲಿ ದೂರದಲ್ಲಿದ್ದ ‘ಸ್ಯಾಂಪ್ಸನ್’ ಹಡಗು ಬೆಳಕಿನ ಸಂಕೇತ ನೋಡಿಯೂ, ತಾನು ಕಳ್ಳತನದಲ್ಲಿ ಸೀಲ್ ಬೇಟೆಯಾಡುತ್ತಿದ್ದುದರಿಂದ ಹೆದರಿ ದೂರ ಹೋಯಿತು. 14 ಮೈಲಿ ದೂರದ ‘ಕ್ಯಾಲಿಫೋರ್ನಿಯನ್’ ಸುತ್ತ ಹಿಮವಿದೆ, ಬೆಳಿಗ್ಗೆ ನೋಡೋಣ ಎಂದು ಮಲಗಿತು. 58 ಮೈಲಿ ದೂರದ ‘ಕಾರ್ಪೇಥಿಯಾ’ ಹಿಮ ದಾಟಿ ಬಂದು 700ಕ್ಕೂ ಹೆಚ್ಚು ಜನರನ್ನು ಉಳಿಸಿತು. ಕೊನೆಯಲ್ಲಿ ‘ನೀವು ಯಾವ ಹಡಗು?’ ಎಂಬ ಪ್ರಶ್ನೆ. ನೀತಿ ಚೆನ್ನಾಗಿದೆ. ಸಂಗತಿ ಎಷ್ಟು ನಿಜ?

*ಮೊದಲ ಹಡಗು: ದಾಖಲೆಗೆ ಹೊಂದುವುದಿಲ್ಲ.* ಸ್ಯಾಮ್ಸನ್ ಎಂಬ ನಾರ್ವೆಯ ಸೀಲ್ ಬೇಟೆ ಹಡಗು ಇದ್ದಿದ್ದು ನಿಜ. ಆದರೆ ಅದು ಟೈಟಾನಿಕ್ ಬಳಿ ಇತ್ತು ಎನ್ನುವುದಕ್ಕೆ ಆಧಾರ, ಘಟನೆ ನಡೆದು ದಶಕಗಳಾದ ಮೇಲೆ ಹೊರಬಂದ ಅದರ ಅಧಿಕಾರಿಯೊಬ್ಬರ ಹೇಳಿಕೆ. 1912ರ ಏಪ್ರಿಲ್ 6ರಂದು ಮತ್ತು ಮತ್ತೆ ಏಪ್ರಿಲ್ 20ರಂದು ಆ ಹಡಗು ಐಸ್‌ಲ್ಯಾಂಡಿನ ಬಂದರಿನಲ್ಲಿತ್ತು ಎಂದು ಲಾಯ್ಡ್ಸ್ ಸಂಸ್ಥೆಯ ದಾಖಲೆ ಹೇಳುತ್ತದೆ. ನಿಧಾನಗತಿಯ ಆ ಹಡಗು ನಡುವಿನ ಎರಡು ವಾರದಲ್ಲಿ ಅಷ್ಟು ದೂರ ಹೋಗಿ, ಬೇಟೆಯಾಡಿ, ಹಿಂದೆ ಬರುವುದು ಆಗದ ಮಾತು.

*ಎರಡನೆಯದು: ಅರ್ಧ ಸರಿ.* ಕ್ಯಾಲಿಫೋರ್ನಿಯನ್ ಹಿಮದ ನಡುವೆ ನಿಂತಿದ್ದು ನಿಜ. ಅದು ಅಪಾಯದ ರೇಡಿಯೋ ಕರೆ ಕೇಳಿಯೂ ಸುಮ್ಮನಿದ್ದದ್ದಲ್ಲ. ಅದರಲ್ಲಿದ್ದವರು ಒಬ್ಬರೇ ಆಪರೇಟರ್, ಸಿರಿಲ್ ಇವಾನ್ಸ್. ರಾತ್ರಿ 11ರ ಹೊತ್ತಿಗೆ ಟೈಟಾನಿಕ್‌ಗೆ ಹಿಮದ ಎಚ್ಚರಿಕೆ ಕೊಡಲು ಹೋದಾಗ, ಪ್ರಯಾಣಿಕರ ಸಂದೇಶ ಕಳಿಸುವ ಗಡಿಬಿಡಿಯಲ್ಲಿದ್ದ ಅಲ್ಲಿನ ಆಪರೇಟರ್ ಅವರನ್ನು ತಡೆದರು. ಇವಾನ್ಸ್ 11:30ರ ಸುಮಾರಿಗೆ ಉಪಕರಣ ಬಂದ್ ಮಾಡಿ ಮಲಗಿದರು. ಹತ್ತೇ ನಿಮಿಷದಲ್ಲಿ ಟೈಟಾನಿಕ್ ಹಿಮಗಡ್ಡೆಗೆ ಬಡಿಯಿತು. ಫಾರ್ವರ್ಡ್ ಮೊದಲ ಹಡಗಿನ ತಲೆಗೆ ಕಟ್ಟುವ ಬಿಳಿ ಬೆಳಕಿನ ಸಂಕೇತಗಳನ್ನು ಕಂಡವರು ಈ ಹಡಗಿನವರು. ಕ್ಯಾಪ್ಟನ್‌ಗೆ ತಿಳಿಸಲಾಯಿತು, ಆದರೂ ಬೆಳಗಿನವರೆಗೆ ರೇಡಿಯೋ ಆಪರೇಟರ್‌ನನ್ನು ಯಾರೂ ಎಬ್ಬಿಸಲಿಲ್ಲ. ಎರಡೂ ಹಡಗುಗಳ ನಡುವಿನ ದೂರದ ಬಗ್ಗೆ ಚರ್ಚೆ ಇಂದಿಗೂ ಮುಗಿದಿಲ್ಲ. ‘14 ಮೈಲಿ’ ಎಂದು ಖಚಿತವಾಗಿ ಹೇಳುವುದು ಸರಿಯಲ್ಲ.

ಒಂದು ಸಂಗತಿ ಮಾತ್ರ ಫಾರ್ವರ್ಡ್‌ನಲ್ಲಿ ಬರುವುದೇ ಇಲ್ಲ. ಕ್ಯಾಲಿಫೋರ್ನಿಯನ್ ಹಡಗಿನ ಅಧಿಕೃತ ಲಾಗ್‌ನಲ್ಲಿ ಆ ಬೆಳಕುಗಳ ಬಗ್ಗೆ ಒಂದು ಅಕ್ಷರವೂ ಇರಲಿಲ್ಲ. ಮೊದಲು ಗೀಚಿಕೊಂಡಿದ್ದ ಕಚ್ಚಾ ಲಾಗ್‌ನ ಹಾಳೆಗಳೂ ಉಳಿದಿರಲಿಲ್ಲ. ಕಚ್ಚಾ ಹಾಳೆ ಎಸೆಯುವುದು ಆಗಿನ ರೂಢಿ. ಹಾಗಾಗಿ ತನಿಖೆ ಸಾಕ್ಷಿಗಳ ನೆನಪಿನ ಮೇಲೆ ನಿಂತಿತು, ನೂರು ವರ್ಷ ದಾಟಿದರೂ ವಾದ ನಡೆಯುತ್ತಲೇ ಇದೆ.

*ಮೂರನೆಯದು: ಬಹುಮಟ್ಟಿಗೆ ಸರಿ.* ಕಾರ್ಪೇಥಿಯಾದ ಆಪರೇಟರ್ ಹೆರಾಲ್ಡ್ ಕಾಟಮ್ ಮಲಗಲು ಹೊರಟಿದ್ದರೂ ಉಪಕರಣ ಇನ್ನೂ ಚಾಲೂ ಇತ್ತು, ಕರೆ ಕೇಳಿತು. 58 ಮೈಲಿ ಎಂಬುದು ಟೈಟಾನಿಕ್ ಕರೆಯಲ್ಲಿ ಹೇಳಿದ ಸ್ಥಾನದಿಂದ ಹಾಕಿದ ಲೆಕ್ಕ. 1985ರಲ್ಲಿ ಅವಶೇಷ ಸಿಕ್ಕಾಗ ಅದು ಆ ಸ್ಥಾನದಿಂದ ಸುಮಾರು 13 ನಾಟಿಕಲ್ ಮೈಲಿ ಆಚೆ ಇತ್ತು.

ಟೈಟಾನಿಕ್‌ನ ಸ್ವಂತ ರೇಡಿಯೋ ಪುಸ್ತಕ ಹಡಗಿನ ಜತೆಗೇ ಮುಳುಗಿತು. ಆದರೆ ಕೇಪ್ ರೇಸ್ ಠಾಣೆ, ‘ಮೌಂಟ್ ಟೆಂಪಲ್’ ಮುಂತಾದ ಹಡಗುಗಳ ಆಪರೇಟರ್‌ಗಳು ತಾವು ಕೇಳಿದ್ದನ್ನೆಲ್ಲ ಬರೆದಿಟ್ಟಿದ್ದರು. ಆ ರಾತ್ರಿಯ ರೇಡಿಯೋ ಮಾತುಗಳನ್ನು ಒಂದೊಂದಾಗಿ ಜೋಡಿಸಲು ಆಗಿದ್ದು ಅವುಗಳಿಂದ. ಎರಡು ವರ್ಷದೊಳಗೆ, 1914ರಲ್ಲಿ, ಲಂಡನ್ನಿನಲ್ಲಿ ಮೊದಲ ಸೋಲಾಸ್ ಒಪ್ಪಂದವಾಯಿತು. ಮಹಾಯುದ್ಧದಿಂದ ಅದು ಪೂರ್ತಿ ಜಾರಿಗೆ ಬರಲಿಲ್ಲ. ಈಗ ನಡೆಯುತ್ತಿರುವುದು 1974ರ ಒಪ್ಪಂದ, ಆಗಾಗ ತಿದ್ದುಪಡಿಯಾಗುತ್ತ ಬಂದಿದೆ.

ಪುಸ್ತಕವೇ ಇಲ್ಲದಿದ್ದರೆ?

ಇದಕ್ಕೆ ಅಟ್ಲಾಂಟಿಕ್‌ವರೆಗೆ ಹೋಗಬೇಕಿಲ್ಲ. 2018ರ ಡಿಸೆಂಬರ್ 13ರಂದು ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ಮೀನುಗಾರಿಕೆ ಬೋಟು ಒಂದೆರಡು ದಿನದಲ್ಲೇ ಸಂಪರ್ಕ ಕಳೆದುಕೊಂಡಿತು. ಅದರಲ್ಲಿದ್ದ 7 ಮೀನುಗಾರರಲ್ಲಿ 5 ಜನ ನಮ್ಮ ಉತ್ತರ ಕನ್ನಡ ಜಿಲ್ಲೆಯವರು. ಅಪಹರಣ, ಡಿಕ್ಕಿ ಎಂದು ತಿಂಗಳುಗಟ್ಟಲೆ ಊಹಾಪೋಹ ಹರಿದಾಡಿತು. 2019ರ ಮೇ ಆರಂಭದಲ್ಲಿ ನೌಕಾಪಡೆಯ ಐಎನ್‌ಎಸ್ ನಿರೀಕ್ಷಕ್ ಮಹಾರಾಷ್ಟ್ರದ ಮಾಲ್ವಣದ ಆಚೆ ಸಮುದ್ರದ ತಳದಲ್ಲಿ ಬೋಟಿನ ಅವಶೇಷ ಪತ್ತೆ ಮಾಡಿತು. ಮೀನುಗಾರರು ಸಿಗಲಿಲ್ಲ.

ಮೀನುಗಾರಿಕೆ ಬೋಟುಗಳು ಸೋಲಾಸ್‌ನ ಲಾಗ್ ನಿಯಮದ ಹೊರಗಿವೆ. ಯಾವ ಹೊತ್ತಿಗೆ ಯಾರು ಏನು ಕೇಳಿದರು ಎಂಬ ಸಾಲುಗಳಿಲ್ಲದಿದ್ದರೆ ಆ ಜಾಗವನ್ನು ಊಹೆ ತುಂಬುತ್ತದೆ. ಮನೆಯವರು ಪ್ರತಿಯೊಂದು ಊಹೆಯನ್ನೂ ನಂಬಿ, ಪ್ರತಿಯೊಂದನ್ನೂ ಕಳೆದುಕೊಳ್ಳಬೇಕಾಗುತ್ತದೆ.

ಇತ್ತೀಚೆಗೆ ಸ್ವಲ್ಪ ಸುಧಾರಣೆಯಾಗಿದೆ. ಇಸ್ರೋ 2024ರ ಜನವರಿಯಲ್ಲಿ ಎರಡನೇ ತಲೆಮಾರಿನ ಅಪಾಯ ಸಂಕೇತ ಸಾಧನ ಬಿಡುಗಡೆ ಮಾಡಿತು. ಸಂಕೇತ ಕೇಂದ್ರಕ್ಕೆ ತಲುಪಿದೆ ಎಂಬ ಮರುಉತ್ತರ ಅದರಲ್ಲಿ ಬೋಟಿಗೇ ಬರುತ್ತದೆ. ದೇಶದ 1 ಲಕ್ಷ ಮೀನುಗಾರಿಕೆ ಬೋಟುಗಳಿಗೆ ಟ್ರಾನ್ಸ್‌ಪಾಂಡರ್ ಅಳವಡಿಸುವ ಕೇಂದ್ರದ ಯೋಜನೆಗೂ ಅದೇ ವರ್ಷ ಚಾಲನೆ ಸಿಕ್ಕಿತು.

ತಪ್ಪು ಕಲ್ಪನೆ ಮತ್ತು ನಿಜ

*‘ಎಸ್‌ಒಎಸ್ ಅಂದರೆ ನಮ್ಮ ಪ್ರಾಣ ಉಳಿಸಿ ಎಂಬ ಇಂಗ್ಲಿಷ್ ವಾಕ್ಯದ ಸಂಕ್ಷೇಪ.’*
ತಪ್ಪು. 1906ರ ಬರ್ಲಿನ್ ಸಮ್ಮೇಳನದಲ್ಲಿ ಒಪ್ಪಿದ ಮೋರ್ಸ್ ಸಂಕೇತ ಅದು: ಮೂರು ಚುಕ್ಕಿ, ಮೂರು ಗೆರೆ, ಮೂರು ಚುಕ್ಕಿ. ಗದ್ದಲದಲ್ಲೂ ಗುರುತು ಸಿಗುತ್ತದೆ ಎಂದು ಆರಿಸಿಕೊಂಡದ್ದು. ವಿಸ್ತರಣೆಯನ್ನು ಜನ ಆಮೇಲೆ ಕಟ್ಟಿದರು.

*‘ಹಡಗು ಮುಳುಗಿದರೆ ಎಲ್ಲ ಸಾಕ್ಷಿಯೂ ಮುಳುಗಿದಂತೆ.’*
ಹಾಗೇನಿಲ್ಲ. ಕರೆ ಕೇಳಿದ ಬೇರೆ ಹಡಗು ಮತ್ತು ತೀರದ ಠಾಣೆಗಳ ಲಾಗ್ ಇರುತ್ತದೆ. ದೊಡ್ಡ ಹಡಗುಗಳಲ್ಲಿ ವಿಮಾನದ ಬ್ಲ್ಯಾಕ್ ಬಾಕ್ಸ್‌ನಂಥ ಯಾನ ದಾಖಲೆ ಯಂತ್ರವಿದೆ. 2014ರ ಜುಲೈ ನಂತರ ಅಳವಡಿಸಿದವುಗಳಲ್ಲಿ, ಮುಳುಗಿದಾಗ ಬೇರ್ಪಟ್ಟು ತೇಲುವ ಪೆಟ್ಟಿಗೆಯೇ ಕನಿಷ್ಠ 48 ಗಂಟೆಯ ಮಾಹಿತಿ ಹಿಡಿದಿರುತ್ತದೆ. ಎಪರ್ಬ್ ಕಳಿಸುವ 406 ಮೆಗಾಹರ್ಟ್ಸ್ ಸಂಕೇತ ಉಪಗ್ರಹದ ಮೂಲಕ ಬರುತ್ತದೆ. ಅದನ್ನು ಸ್ವೀಕರಿಸಿ ಕೋಸ್ಟ್ ಗಾರ್ಡ್‌ಗೆ ದಾಟಿಸುವ ಭಾರತದ ನಿಯಂತ್ರಣ ಕೇಂದ್ರ ಇರುವುದು ನಮ್ಮ ಬೆಂಗಳೂರಿನಲ್ಲಿ, ಇಸ್ರೋದ ಇಸ್ಟ್ರಾಕ್‌ನಲ್ಲಿ.

*‘ಅಪಾಯದ ಬಟನ್ ತಪ್ಪಿ ಒತ್ತಿದರೆ ಬಾಯಿ ಮುಚ್ಚಿಕೊಂಡಿರುವುದೇ ವಾಸಿ.’*
ಅಪಾಯಕಾರಿ ಸಲಹೆ. ಕೂಡಲೇ ರೇಡಿಯೋದಲ್ಲಿ ‘ತಪ್ಪಿ ಹೋದ ಸಂಕೇತ’ ಎಂದು ರದ್ದು ಮಾಡಿ ಲಾಗ್‌ನಲ್ಲಿ ಬರೆಯಬೇಕು. ಸುಮ್ಮನಿದ್ದರೆ ಇಲ್ಲದ ಅಪಾಯ ಹುಡುಕಲು ನಿಜವಾದ ಹಡಗು, ವಿಮಾನಗಳು ಹೊರಡುತ್ತವೆ.

*‘ಮಗ ಎರಡು ದಿನದಿಂದ ಆನ್‌ಲೈನ್ ಬಂದಿಲ್ಲ, ನಕ್ಷೆಯಲ್ಲೂ ಹಡಗು ಮಾಯ. ಏನೋ ಆಗಿದೆ.’*
ಅವಸರ ಬೇಡ. ನಡುಸಮುದ್ರದಲ್ಲಿ ಮೊಬೈಲ್ ಟವರ್ ಇಲ್ಲ. ನೆಟ್‌ವರ್ಕ್‌ಗಾಗಿ ಗುಡ್ಡ ಹತ್ತುವ ನಮ್ಮ ಹಳ್ಳಿಗಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಉಚಿತ ಹಡಗು ನಕ್ಷೆಗಳು ಹೆಚ್ಚಾಗಿ ತೀರದ ಆಂಟೆನಾಗೆ ಸಿಗುವ ಸಂಕೇತವನ್ನಷ್ಟೇ ತೋರಿಸುತ್ತವೆ. ಹಡಗು ದೂರ ಹೋದರೆ ಹಳೆಯ ಸ್ಥಾನವೇ ಕಾಣುತ್ತಿರುತ್ತದೆ. ವಾಟ್ಸಾಪ್ ಬೇರೆ, ಹಡಗಿನ ಅಪಾಯ ಸಂಪರ್ಕ ವ್ಯವಸ್ಥೆ ಬೇರೆ. ಮೊದಲನೆಯದು ಸುಮ್ಮನಾದರೆ ಎರಡನೆಯದೂ ಸುಮ್ಮನಾಗಿದೆ ಎಂದಲ್ಲ.

ಫಾರ್ವರ್ಡ್ ಬಂದಾಗ ಕೇಳಬೇಕಾದ ನಾಲ್ಕು ಪ್ರಶ್ನೆ

1. ಯಾವ ಹಡಗು? ಹೆಸರು ಬದಲಾಗಬಹುದು, ಒಂದೇ ಹೆಸರಿನ ಹಲವು ಹಡಗು ಇರಬಹುದು. 7 ಅಂಕಿಯ ಐಎಂಒ ಸಂಖ್ಯೆ ಹಡಗಿನ ಜೀವಮಾನವಿಡೀ ಒಂದೇ.
2. ಯಾವ ದಿನ, ಎಷ್ಟು ಹೊತ್ತು, ಯಾವ ಗಡಿಯಾರ? ದಿನಾಂಕವಿಲ್ಲದ ‘ಇದೀಗ ಬಂದ ಸುದ್ದಿ’ ಮೂರು ವರ್ಷ ಹಳೆಯದೂ ಆಗಿರಬಹುದು.
3. ಹೇಳಿದವರು ಯಾರು? ಲಾಗ್‌ನ ಪ್ರತಿ ಸಾಲಿಗೂ ಬರೆದವರಿದ್ದಾರೆ. ‘ಕ್ಯಾಪ್ಟನ್‌ನ ಕೊನೆಯ ಮಾತು’ ಎಂಬ ಆಡಿಯೋಗೆ ಯಾರಿದ್ದಾರೆ?
4. ತಿದ್ದುಪಡಿ ಬಂದಿದೆಯಾ? ಮೊದಲ ಸುದ್ದಿಯಲ್ಲಿ ಸಂಖ್ಯೆ ತಪ್ಪಿರುವುದು ಸಹಜ. ಅಧಿಕೃತ ಮೂಲ ತಿದ್ದಿಕೊಳ್ಳುತ್ತದೆ, ಫಾರ್ವರ್ಡ್ ಹಾಗೇ ಓಡುತ್ತಿರುತ್ತದೆ.

2025ರ ಜೂನ್ 9ರಂದು ಕೇರಳ ತೀರದಾಚೆ ‘ವಾನ್ ಹೈ 503’ ಹಡಗಿಗೆ ಬೆಂಕಿ ಬಿದ್ದಿದ್ದನ್ನು ನೆನಪಿಸಿಕೊಳ್ಳಿ. ಅದರಲ್ಲಿದ್ದದ್ದು 22 ಜನ. ರಕ್ಷಿಸಿದ 18 ಮಂದಿಯನ್ನು ಮಂಗಳೂರಿಗೆ ಕರೆತಂದರು, 4 ಜನ ಕಾಣೆಯಾದರು. ಹಡಗಿನ ಹೆಸರು, ದಿನಾಂಕ, ಎಣಿಕೆ ಮೂರೂ ಇರುವುದರಿಂದ ಇಂಥ ಸುದ್ದಿಯನ್ನು ಯಾರು ಬೇಕಾದರೂ ಪರಿಶೀಲಿಸಬಹುದು.

ಮನೆಯಲ್ಲಿ ಹಡಗಿನವರಿದ್ದರೆ

ಹಡಗಿನ ಹೆಸರು, ಐಎಂಒ ಸಂಖ್ಯೆ, ಕಂಪನಿ ಮತ್ತು ನೇಮಕ ಮಾಡಿದ ಏಜೆನ್ಸಿಯ ಫೋನ್ ನಂಬರನ್ನು ಒಂದು ಹಾಳೆಯಲ್ಲಿ ಬರೆಸಿಟ್ಟುಕೊಳ್ಳಿ. ಏಜೆನ್ಸಿಗೆ ಡೈರೆಕ್ಟರೇಟ್ ಜನರಲ್ ಆಫ್ ಶಿಪ್ಪಿಂಗ್ ಕೊಡುವ ‘ಆರ್‌ಪಿಎಸ್‌ಎಲ್’ ಲೈಸೆನ್ಸ್ ಇರಬೇಕು. ಹಡಗು ಬದಲಾದಾಗಲೆಲ್ಲ ಆ ಹಾಳೆಯನ್ನೂ ಬದಲಿಸಿ. ಆತಂಕದ ಸುದ್ದಿ ಬಂದರೆ ಮೊದಲ ಫೋನ್ ಏಜೆನ್ಸಿಗೆ ಹೋಗಲಿ. ನಮ್ಮ ಕರಾವಳಿಯಲ್ಲಿ ಯಾರಾದರೂ ಅಪಾಯದಲ್ಲಿದ್ದದ್ದು ಕಂಡರೆ ಕೋಸ್ಟ್ ಗಾರ್ಡ್‌ನ ಉಚಿತ ಸಹಾಯವಾಣಿ 1554.

‘ಮೂರು ಹಡಗು’ಗಳ ಕಥೆಯನ್ನು ಕಳಿಸಲೇಬೇಕು ಅನಿಸಿದರೆ ಸ್ಯಾಂಪ್ಸನ್ ಭಾಗ ತೆಗೆದು, ಕ್ಯಾಲಿಫೋರ್ನಿಯನ್ ಹಡಗಿನ ಲಾಗ್‌ನಲ್ಲಿ ಬೆಳಕುಗಳ ಬಗ್ಗೆ ಏನೂ ಬರೆದಿರಲಿಲ್ಲ ಎಂಬ ಮಾತು ಸೇರಿಸಿ ಕಳಿಸಿ.